ಘಟ್ಟ ಹತ್ತುವ ಮುನ್ನ ಒಂದು ರಾತ್ರಿ

ಕುಟ್ಟದವರಿಗೂ ಕಡಲಿಗೂ ಏನು ಸಂಬಂಧ? ನಮ್ಮ ಡೈವಿಂಗ್ ಬಳಗದವರಿಗೆ ಮದುವೆಮನೆಯಲ್ಲಾಗಲಿ, ತೋಟದ ಕಣದಲ್ಲಾಗಲಿ ಎದುರಾಗುವ ಮೊದಲ ಪ್ರಶ್ನೆ ಇದು. ಇದಕ್ಕೆ ಉತ್ತರ ನಮ್ಮ ಬ್ರಹ್ಮಗಿರಿಯಲ್ಲೇ ಇದೆ. ಆ ಬೆಟ್ಟಸಾಲಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಲಕ್ಷ್ಮಣತೀರ್ಥವಾಗಿ ಇರ್ಪುವಿನಲ್ಲಿ ಧುಮುಕಿ, ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡಿ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಬರಪೊಳೆಯಾಗಿ ಕೇರಳಕ್ಕಿಳಿದು, ವಳಪಟ್ಟಣಂ ಹೊಳೆಯ ಜೊತೆ ಅರಬ್ಬಿ ಸಮುದ್ರ ಸೇರುತ್ತದೆ. ನಮ್ಮ ಮಳೆಗಾಲದ ನೀರೆಲ್ಲ ಕಡಲಿಗೇ ಹೋಗುವಾಗ, ಅದರ ಹಿಂದೆ ನಾವೂ ಒಮ್ಮೆ ಹೋಗಿ ನೋಡಬೇಕೆನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ನಾವು ಕಲಿಯಹೊರಟ ವಿದ್ಯೆಗೆ ಬಹಳ ವಯಸ್ಸಾಗಿಲ್ಲ. 1943ರಲ್ಲಿ ಫ್ರಾನ್ಸಿನ ನೌಕಾ ಅಧಿಕಾರಿ ಜಾಕ್ ಕುಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ, ಮುಳುಗುವವನು ಉಸಿರೆಳೆದಾಗ ಮಾತ್ರ, ಆ ಆಳದ ಒತ್ತಡಕ್ಕೆ ಸರಿಯಾಗಿ ಗಾಳಿ ಬಿಡುವ ರೆಗ್ಯುಲೇಟರ್ ಮಾಡಿದರು. ಅಲ್ಲಿಯವರೆಗೆ ಭಾರವಾದ ಲೋಹದ ಶಿರಸ್ತ್ರಾಣ, ಮೇಲಿನಿಂದ ಗಾಳಿ ಪಂಪು ಮಾಡುವ ಕೊಳವೆ ಇವೆಲ್ಲ ಬೇಕಿದ್ದ ಕೆಲಸ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಯಾರಿಗಾದರೂ ಕೈಗೆಟುಕಿತು. 1966ರಲ್ಲಿ ಅಮೆರಿಕದಲ್ಲಿ ಶುರುವಾದ ‘ಪ್ಯಾಡಿ’ಯಂಥ ಸಂಸ್ಥೆಗಳು ಕಲಿಕೆಗೆ ಹಂತಹಂತದ ಪಾಠಕ್ರಮ ಹಾಕಿಕೊಟ್ಟವು.

ಕರ್ನಾಟಕದಲ್ಲಿ ಈ ವಿದ್ಯೆಯ ಮನೆಯಂಗಳ ಎಂದರೆ ನೇತ್ರಾಣಿ. ಭಟ್ಕಳ ತಾಲ್ಲೂಕಿನ ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದ, ಪಾರಿವಾಳ ದ್ವೀಪವೆಂದೂ ಹೆಸರಿರುವ ಗುಡ್ಡದಂಥ ದ್ವೀಪ ಅದು. ಬಿಳಿಹೊಟ್ಟೆಯ ಕಡಲಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ಕರಾವಳಿಯ ಮೀನುಗಾರರು ಅಲ್ಲಿನ ಜಟ್ಟಿಗನಿಗೆ ಹರಕೆ ಹೊತ್ತು ಆಡುಗಳನ್ನು ಬಿಟ್ಟು ಬರುವ ವಾಡಿಕೆಯಿದೆ. ಹಿಂದೆ ನೌಕಾಪಡೆ ಈ ದ್ವೀಪವನ್ನು ಗುಂಡಿನ ಅಭ್ಯಾಸಕ್ಕೆ ಗುರಿಯಾಗಿಸಿಕೊಂಡಾಗ ಪರಿಸರಪ್ರಿಯರು ದನಿಯೆತ್ತಿದ್ದರು. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗಿಳಿದದ್ದನ್ನು ಕಂಡ ಮೇಲೆ, ಆ ಹೆಸರು ಮಕ್ಕಳ ಬಾಯಲ್ಲೂ ಬಂತು.

ನಮ್ಮ ತರಬೇತಿ ಪ್ರವಾಸಕ್ಕೆ ಒಂದು ಲೆಕ್ಕವಿದೆ. ಮಳೆಗಾಲದಲ್ಲಿ ಕಡಲು ಮುಚ್ಚಿರುತ್ತದೆ. ರೋಬಸ್ಟಾ ಹಣ್ಣಾಗಿ ಕೊಯ್ಲು ಶುರುವಾದ ಮೇಲೆ ತೋಟ ಬಿಟ್ಟು ಬರುವಂತಿಲ್ಲ. ಇವೆರಡರ ನಡುವೆ, ಶನಿವಾರ ಭಾನುವಾರಕ್ಕೆ ಸೋಮವಾರದ ರಜೆಯೂ ಕೂಡಿಬಂದ ವಾರವೇ ನಮ್ಮದು. ಓದಬೇಕಾದ ಪಾಠ, ಈಜುಕೊಳದ ಅಭ್ಯಾಸ ಎರಡೂ ಮೊದಲೇ ಮುಗಿದಿರಬೇಕು. 200 ಮೀಟರ್ ಈಜಲು, 10 ನಿಮಿಷ ತೇಲಲು ಬಾರದವರನ್ನು ನಾವು ಕರೆದೊಯ್ಯುವುದಿಲ್ಲ. ಶುಕ್ರವಾರ ನಸುಕಿಗೆ ಕುಟ್ಟ ಬಿಟ್ಟು, ಗೋಣಿಕೊಪ್ಪ, ಮಡಿಕೇರಿ ದಾಟಿ, ಸಂಪಾಜೆ ಘಾಟಿ ಇಳಿದು, ಸುಳ್ಯ, ಮಂಗಳೂರು, ಉಡುಪಿ, ಕುಂದಾಪುರ ಹಿಂದೆ ಹಾಕಿ, ಸಂಜೆಗೆ ಮುರುಡೇಶ್ವರದ 123 ಅಡಿಯ ಶಿವನ ನೆರಳಿನಲ್ಲಿ ನಿಲ್ಲುತ್ತೇವೆ.

ನನ್ನ ಮೊದಲ ಪಾಠ ನನಗೆ ಅರ್ಥವಾದದ್ದು ಆ ಘಾಟಿಯಿಂದಲೇ. ಕೆಳಗಿಳಿಯುವಾಗ ಮೂಗು ಹಿಡಿದು ಮೆಲ್ಲನೆ ಗಾಳಿ ಒತ್ತಿ ಕಿವಿ ಬಿಡಿಸಿಕೊಳ್ಳಬೇಕೆಂದು ಇನ್‌ಸ್ಟ್ರಕ್ಟರ್ ಹೇಳಿದರು. ಸಂಪಾಜೆ ಇಳಿಯುವ ಬಸ್ಸಿನಲ್ಲಿ ಕಿವಿ ಕಟ್ಟಿ, ‘ಎಂಜಲು ನುಂಗು ಮಗಾ’ ಎಂದು ಅಮ್ಮ ಹೇಳಿಕೊಟ್ಟದ್ದನ್ನು ನಾವೆಲ್ಲ ಬಾಲ್ಯದಿಂದ ಬಲ್ಲೆವು. ಆದರೆ ಗಾಳಿಗಿಂತ ನೀರಿನ ಭಾರ ಎಷ್ಟೋ ಪಾಲು ಹೆಚ್ಚು. ಮಡಿಕೇರಿಯಿಂದ ಮಂಗಳೂರಿಗೆ ಇಳಿದಾಗ ಆಗುವಷ್ಟು ಒತ್ತಡದ ವ್ಯತ್ಯಾಸ ಕಡಲಲ್ಲಿ ಮೊದಲ ಒಂದೂವರೆ ಮೀಟರಿನೊಳಗೇ ಮುಗಿದಿರುತ್ತದೆ. 10 ಮೀಟರಿಗೆ ಒತ್ತಡ ಇಮ್ಮಡಿ. ‘ಓಪನ್ ವಾಟರ್’ ಎಂಬ ಮೊದಲ ಹಂತ ಕಲಿತವರಿಗೆ ಗಡಿ 18 ಮೀಟರ್.

ಕೆಳಗೆ ಹೋದ ಮೇಲೆ ಮಾಸ್ಕಿಗೆ ನೀರು ತುಂಬಿಸಿಕೊಳ್ಳಲು ಸನ್ನೆಯಾಗುತ್ತದೆ. ಕಣ್ಣು ಉರಿಯುತ್ತದೆ, ಎದುರಿಗಿದ್ದವರ ಮುಖ ಕಲಸಿಹೋಗುತ್ತದೆ, ಎದೆ ಒಮ್ಮೆಗೇ ಮೇಲಕ್ಕೆ ಓಡು ಎನ್ನುತ್ತದೆ. ಆಗ ಮಾಸ್ಕಿನ ಮೇಲಂಚನ್ನು ಹಣೆಗೊತ್ತಿ, ತುಸು ತಲೆಯೆತ್ತಿ, ಮೂಗಿನಿಂದ ನಿಧಾನವಾಗಿ ಉಸಿರು ಬಿಡಬೇಕು. ನೀರು ಕೆಳಗಿನಿಂದ ಜಾರಿ ಹೋಗಿ ಬೆಳಕು ತಿಳಿಯಾಗುತ್ತದೆ. ಜೊತೆಗಾರ ಹೆಬ್ಬೆರಳು ತೋರುಬೆರಳು ಸೇರಿಸಿ ‘ಸರಿಯೇ?’ ಎಂದು ಕೇಳುತ್ತಿರುತ್ತಾನೆ. ಬರಿಯ ಹೆಬ್ಬೆರಳೆತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಉಸಿರು ಹಿಡಿದಿಡಬಾರದು, ಜೊತೆಗಾರನನ್ನು ಬಿಡಬಾರದು, ಹವಳವನ್ನು ಮುಟ್ಟಬಾರದು. ಇಷ್ಟು ಮೈಗೂಡಿದ ಮೇಲೆ ಗಿಳಿಮೀನು, ಚಿಟ್ಟೆಮೀನುಗಳ ಹಿಂಡುಗಳು ತಾವಾಗಿ ಹತ್ತಿರ ಬರುತ್ತವೆ.

ಈ ಸಂಚಿಕೆಯಲ್ಲಿ ನಾನು ಮುಖ್ಯವಾಗಿ ದಾಖಲಿಸಬೇಕೆಂದಿರುವುದು ಹಿಂತಿರುಗುವ ದಾರಿಯ ವಿಷಯ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ರಕ್ತ, ಮಾಂಸದಲ್ಲಿ ಕರಗಿ ಕೂರುತ್ತದೆ. ಮೆಲ್ಲಗೆ ಮೇಲೆ ಬಂದು, 5 ಮೀಟರಿನಲ್ಲಿ 3 ನಿಮಿಷ ನಿಂತರೆ ಅದರಲ್ಲಿ ಒಂದಷ್ಟು ಉಸಿರಿನೊಂದಿಗೆ ಹೊರಟುಹೋಗುತ್ತದೆ. ಉಳಿದದ್ದಕ್ಕೆ ಹೊತ್ತು ಬೇಕು. ಆತುರಪಟ್ಟರೆ ಗೋಲಿ ಸೋಡಾದ ಗೋಲಿ ಒತ್ತಿದಾಗ ನೊರೆಯೇಳುವಂತೆ ಮೈಯೊಳಗೆ ಗುಳ್ಳೆಗಳೇಳುತ್ತವೆ. ಕೀಲುನೋವಿನಿಂದ ಪಾರ್ಶ್ವವಾಯುವಿನ ತನಕ ಅದು ಹೋಗಬಹುದು. ಹಲವು ಸಲ ಮುಳುಗಿದವರು ಕನಿಷ್ಠ 18 ಗಂಟೆ ವಿಮಾನ ಹತ್ತಬಾರದೆಂಬ ನಿಯಮ ಇದಕ್ಕಾಗಿ. ಬಯಲುಸೀಮೆಯ ಪುಸ್ತಕ ಅಲ್ಲಿಗೆ ನಿಲ್ಲಬಹುದು, ನಮ್ಮದು ನಿಲ್ಲುವಂತಿಲ್ಲ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿ ನಮ್ಮ ಮನೆದಾರಿಯಲ್ಲಿದೆ. ನಮಗೆ ಘಟ್ಟವೇ ವಿಮಾನ.

ಒಂದು ಸಲ ಭಾನುವಾರ ಮಧ್ಯಾಹ್ನ ಕೊನೆಯ ಡೈವ್ ಮುಗಿಸಿದ ಗೆಳೆಯನಿಗೆ ಮನೆಯಿಂದ ಫೋನ್ ಬಂತು. ಕೆಲಸದವರು ಸಿಕ್ಕಿದ್ದಾರೆ, ಸೋಮವಾರ ಬೆಳಿಗ್ಗೆಗೆ ತೋಟದಲ್ಲಿರಬೇಕು ಎಂದು. ಅವನು ಕಾರಿನ ಕೀಲಿ ಹಿಡಿದು ನಿಂತ. ಬಳಗದ ಹಿರಿಯಕ್ಕ ಹೆಚ್ಚು ಮಾತಾಡಲಿಲ್ಲ. ಕೀಲಿಗೆ ಕೈ ಚಾಚಿ, ‘ಕಾಫಿ ಒಂದು ದಿನ ಗಿಡದಲ್ಲೇ ಇರಲಿ, ಕೊಡು’ ಎಂದರು. ಕೊಟ್ಟ. ಆ ರಾತ್ರಿ ನಾವೆಲ್ಲ ದಡದಲ್ಲಿ ಕೂತು ದೋಣಿಗಳ ದೀಪ ನೋಡುತ್ತಾ, ಅವನ ತೋಟದ ಕೆಲಸಕ್ಕೆ ಯಾರ್‍ಯಾರು ಹೋಗುವುದೆಂದು ಮಾತಾಡಿಕೊಂಡೆವು.

ಅಂದಿನಿಂದ ಸೋಮವಾರದ ರಜೆಯಿಲ್ಲದ ವಾರಕ್ಕೆ ನಾವು ಪ್ರವಾಸ ಇಟ್ಟಿಲ್ಲ. ಮುಂದೆ ಈ ಬಳಗವನ್ನು ನಡೆಸುವ ಮಕ್ಕಳು ಹೊಸ ಕಡಲುಗಳನ್ನು ನೋಡಲಿ, ನಮಗಿಂತ ಆಳಕ್ಕೆ ಇಳಿಯಲಿ. ಆದರೆ ಭಾನುವಾರ ಸಂಜೆ ಕೀಲಿಗಳನ್ನೆಲ್ಲ ಹಿರಿಯರ ಕೈಗೆ ಕೊಡುವ ಪದ್ಧತಿಯನ್ನು ಬಿಡದಿರಲಿ.