ನೆಟ್‌ವರ್ಕ್ ಬೂಟ್‌ನ ವೈಫಲ್ಯವೂ ಪ್ರತಿಕಾರನ ದೋಷವೂ: ಸೇಡಂ ಸೀಮೆಯ ಒಂದು ಪ್ರಯೋಗಾಲಯದ ವೃತ್ತಾಂತ

ಮುಧೋಳವೆಂದೊಡನೆ ವಾಚಕರಿಗೆ ಬಾಗಲಕೋಟೆ ಜಿಲ್ಲೆಯ, ರನ್ನನ ಹುಟ್ಟೂರೆಂದು ಪ್ರಸಿದ್ಧವಾದ ಮುಧೋಳವು ನೆನಪಿಗೆ ಬರುವುದು ಸಹಜ. ಪ್ರಕೃತ ಲೇಖನದ ಮುಧೋಳವು ಅದಲ್ಲ. ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನಲ್ಲಿ, ತೆಲಂಗಾಣದ ಗಡಿಗೆ ಸಮೀಪವಾಗಿರುವ ಮುಧೋಳ. ಇದೇ ತಾಲೂಕಿನಲ್ಲಿ ಕಾಗಿಣಾ ನದಿಯ ತಡಿಯ ಮೇಲೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡವಿದೆ. ನೆರೆಯ ಚಿತ್ತಾಪುರದ ಬಳಿ ಘಟಿಕಾಸ್ಥಾನದಿಂದ ಖ್ಯಾತವಾದ ನಾಗಾವಿಯಿದೆ. ಇಂಥ ಸೀಮೆಯ ಶಾಸನಗಳನ್ನು ಬಿಟ್ಟು ಗಣಕಯಂತ್ರಗಳ ಪ್ರಯೋಗಾಲಯವೊಂದರ ವೃತ್ತಾಂತವನ್ನು ನಾವು ಬರೆಯಹೊರಟುದಕ್ಕೆ ಕಾರಣವನ್ನು ಮೊದಲೇ ಹೇಳುವುದು ಯುಕ್ತ. ಸರ್ವರನ್ನು ಬದಲಾಯಿಸಿದ ಮೇಲೆ ಯಂತ್ರಗಳು ಏಕೆ ಏಳಲಿಲ್ಲವೆಂಬ ಪ್ರಶ್ನೆಯು, ಹಸ್ತಪ್ರತಿಯನ್ನು ನಕಲು ಮಾಡುವಾಗ ಪಾಠವು ಏಕೆ ಕೆಟ್ಟಿತೆಂಬ ಪ್ರಶ್ನೆಯಿಂದ ಬೇರೆಯಲ್ಲವೆಂಬುದು ನಮ್ಮ ಅನುಭವಕ್ಕೆ ಬಂದಿತು. ಅದನ್ನು ಬಿಡಿಸಿದ ಕ್ರಮವೂ ಇತಿಹಾಸದ ಕ್ರಮವೇ ಆಗಿದ್ದಿತು.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ನಲವತ್ತು ಗಣಕಯಂತ್ರಗಳಿರುವ ಪ್ರಯೋಗಾಲಯದಲ್ಲಿ ಒಂದೊಂದಕ್ಕೂ ಬೇರೆಬೇರೆಯಾಗಿ ತಂತ್ರಾಂಶವನ್ನು ಸ್ಥಾಪಿಸುವುದು ದೀರ್ಘಕಾಲದ ಕೆಲಸ. ಆದುದರಿಂದ ಒಂದು ಯಂತ್ರವನ್ನು ಸರ್ವಾಂಗವಾಗಿ ಸಿದ್ಧಪಡಿಸಿ, ಅದರ ಡಿಸ್ಕಿನ ಪೂರ್ಣ ಪ್ರತಿಯನ್ನು ಸರ್ವರಿನಲ್ಲಿಟ್ಟು, ಉಳಿದವುಗಳಿಗೆ ಅದನ್ನೇ ಇಳಿಸುವರು. ಇದಕ್ಕೆ ಇಮೇಜ್ ಎಂದು ಹೆಸರು. ನಮ್ಮ ಪರಿಭಾಷೆಯಲ್ಲಿ ಮಾತೃಪ್ರತಿ ಎನ್ನಬಹುದು. 1995ರಲ್ಲಿ ನ್ಯೂಜಿಲೆಂಡಿನ ಮರ್ರಿ ಹ್ಯಾಸರ್ಡ್ ಎಂಬವರು ರಚಿಸಿದ ‘ಘೋಸ್ಟ್’ ಎಂಬ ತಂತ್ರಾಂಶದಿಂದ ಈ ಪದ್ಧತಿಯು ಬಹು ಪ್ರಚಾರಕ್ಕೆ ಬಂದಿತು. ಮಾತೃಪ್ರತಿಯನ್ನು ಪಡೆಯಬೇಕಾದ ಯಂತ್ರವು ತನ್ನ ಡಿಸ್ಕನ್ನು ನಂಬದೆ, ಎಚ್ಚತ್ತ ಕೂಡಲೇ ಜಾಲದ ಮೇಲೆ ಕೂಗು ಹಾಕಿ, ತನ್ನ ವಿಳಾಸವನ್ನೂ ಮೊದಲು ಓದಬೇಕಾದ ಕಡತದ ಹೆಸರನ್ನೂ ಕೇಳಿ ಪಡೆಯುವುದು. ಇದೇ ನೆಟ್‌ವರ್ಕ್ ಬೂಟ್.

ಈ ಕೇಳುವ ಕ್ರಮವು ಒಂದೇ ಕಾಲದಲ್ಲಿ ರೂಪುಗೊಂಡುದಲ್ಲ. ಕಡತವನ್ನು ತರಿಸುವ ಟಿ.ಎಫ್.ಟಿ.ಪಿ. ಎಂಬ ಸರಳ ನಿಯಮವನ್ನು ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಕ್ಯಾರೆನ್ ಸೊಲ್ಲಿನ್ಸ್ ಅವರು 1981ರಲ್ಲಿ ವಿವರಿಸಿದರು. ಒಮ್ಮೆಗೆ 512 ಬೈಟುಗಳ ತುಂಡೊಂದನ್ನು ಕಳುಹಿಸಿ, ಮುಟ್ಟಿತೆಂಬ ಉತ್ತರ ಬಂದ ಮೇಲೆಯೇ ಮುಂದಿನದನ್ನು ಕಳುಹಿಸುವ ನಿಯಮವಿದು. ಕೇಳಿದವರು ಯಾರೆಂದು ಇದು ವಿಚಾರಿಸುವುದಿಲ್ಲ. ಸಂಖ್ಯಾವಿಳಾಸವು ಯಾವ ಯಂತ್ರದ್ದೆಂದು ಜಾಲದಲ್ಲಿ ಕೂಗಿ ತಿಳಿಯುವ ಎ.ಆರ್.ಪಿ. ನಿಯಮವು 1982ರದು. ಯಂತ್ರಕ್ಕೆ ವಿಳಾಸವನ್ನೂ, ಕಡತವಿರುವ ಸರ್ವರಿನ ವಿಳಾಸವನ್ನೂ, ಕಡತದ ಹೆಸರನ್ನೂ ಒಂದೇ ಉತ್ತರದಲ್ಲಿ ಕೊಡುವ ಬೂಟ್‌ಪಿ ಎಂಬುದನ್ನು ಬಿಲ್ ಕ್ರಾಫ್ಟ್ ಮತ್ತು ಜಾನ್ ಗಿಲ್ಮೋರ್ ಅವರು 1985ರಲ್ಲಿ ಪ್ರಕಟಿಸಿದರು. 1993ರಲ್ಲಿ ರಾಲ್ಫ್ ಡ್ರಾಮ್ಸ್ ಅವರ ಡಿ.ಎಚ್.ಸಿ.ಪಿ.ಯು ಬಂದಾಗ ಬೂಟ್‌ಪಿಯ ಪತ್ರದ ರೂಪವನ್ನೇ ಉಳಿಸಿಕೊಂಡಿತು. ಇಂಟೆಲ್ ಸಂಸ್ಥೆಯ ಪಿ.ಎಕ್ಸ್.ಇ. ನಿಯಮಾವಳಿಯ 2.1ನೆಯ ಆವೃತ್ತಿಯು 1999ರಲ್ಲಿ ಹೊರಬಂದು, ಮೇಲ್ಕಂಡವುಗಳನ್ನೆಲ್ಲ ಒಂದು ಸೂತ್ರದಲ್ಲಿ ಪೋಣಿಸಿತು. ಅನಂತರ ಬಯಾಸ್ ಎಂಬ ಹಳೆಯ ಫರ್ಮ್‌ವೇರಿನ ಸ್ಥಾನಕ್ಕೆ ಯು.ಇ.ಎಫ್.ಐ. ಎಂಬುದು ಬಂದಿತು. ಸಹಿಯಿಲ್ಲದ ಕಡತವನ್ನು ನಡೆಯಗೊಡದ ‘ಸೆಕ್ಯೂರ್ ಬೂಟ್’ ಎಂಬ ಕಾವಲು 2011ರಲ್ಲಿ ಅದಕ್ಕೆ ಸೇರಿತು. ಹೀಗೆ ಇಂದಿನ ಹೊಸ ಯಂತ್ರವು ಎಚ್ಚರಗೊಳ್ಳುವ ಕೆಲವೇ ಕ್ಷಣಗಳಲ್ಲಿ ಮೂವತ್ತು ವರ್ಷಗಳ ಪದರಗಳನ್ನು ಒಂದೊಂದಾಗಿ ದಾಟುವುದು. ಉತ್ಖನನದಲ್ಲಿ ಪದರಗಳ ಅನುಕ್ರಮವನ್ನು ಅರಿಯದವನು ಮಡಕೆಯ ಚೂರಿನ ಕಾಲವನ್ನು ಹೇಳಲಾರ. ಇಲ್ಲಿಯೂ ಅದೇ ಸ್ಥಿತಿ.

ಇನ್ನು ಪ್ರಕೃತ ವೃತ್ತಾಂತ. ಮುಧೋಳ ಹಾಗೂ ಸುತ್ತಲಿನ ಹಳ್ಳಿಗಳ ವಿದ್ಯಾರ್ಥಿಗಳು ಬಸ್ಸಿನಲ್ಲಿ ಬಂದು ಕಲಿಯುವ ಕಾಲೇಜೊಂದರಲ್ಲಿ 2023ರ ಬೇಸಗೆಯ ರಜೆಯಲ್ಲಿ ಹಳೆಯ ಸರ್ವರಿನ ಬದಲು ಹೊಸದನ್ನು ಇಡಲಾಯಿತು. ಪ್ರಯೋಗಾಲಯದಲ್ಲಿ ಬಯಾಸ್ ಕಾಲದ 28 ಯಂತ್ರಗಳೂ ಯು.ಇ.ಎಫ್.ಐ.ಯ 12 ಯಂತ್ರಗಳೂ ಇದ್ದುವು. ಹೊಸ ಪಾಠ್ಯಕ್ರಮಕ್ಕಾಗಿ ಎಲ್ಲಕ್ಕೂ ಹೊಸ ಮಾತೃಪ್ರತಿಯನ್ನು ಇಳಿಸುವುದೆಂದು ನಿಶ್ಚಯಿಸಿ, ಅವುಗಳ ಡಿಸ್ಕುಗಳನ್ನು ಮುಂಚಿತವಾಗಿಯೇ ಅಳಿಸಿಬಿಟ್ಟಿದ್ದರು. ಮರುದಿನ ನಲವತ್ತರಲ್ಲಿ ಒಂದೂ ಏಳಲಿಲ್ಲ. ಪ್ರಾಯೋಗಿಕ ಪರೀಕ್ಷೆಗೆ ಹದಿನಾರು ದಿನಗಳು ಉಳಿದಿದ್ದುವು. ಆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಮನೆಯಲ್ಲಿ ಗಣಕಯಂತ್ರವಿಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಇತಿಹಾಸದ ಉಪನ್ಯಾಸಕರಾದ ನಮಗೆ ಅಲ್ಲಿ ಕೆಲಸವೇನಿದ್ದಿತೆಂದು ಕೇಳಬಹುದು. ನಮ್ಮ ವಿದ್ಯಾರ್ಥಿಗಳು ಮಳಖೇಡ, ಸೇಡಂ, ನಾಗಾವಿಗಳಲ್ಲಿ ತೆಗೆದ ಶಾಸನಗಳ ಛಾಯಾಚಿತ್ರಗಳು ಆ ಹಳೆಯ ಸರ್ವರಿನಲ್ಲಿಯೇ ಇದ್ದುವು. ಬೇರೆ ಪ್ರತಿ ಇರಲಿಲ್ಲ. ದೋಷವು ಹಿಡಿತಕ್ಕೆ ಸಿಗದಿರಲು, ಹಳೆಯ ಸರ್ವರನ್ನೇ ಅಳಿಸಿ ಅದರ ಮೇಲೆ ಎಲ್ಲವನ್ನೂ ಪುನಃ ಸ್ಥಾಪಿಸೋಣವೆಂಬ ಸಲಹೆಯು ಮೂರನೆಯ ದಿನ ಬಂದಿತು. ಛಾಯಾಚಿತ್ರಗಳಿಗಾಗಿ ನಾವು ಅದನ್ನು ತಡೆದೆವು. ಅದನ್ನು ಉಳಿಸಿದುದರಿಂದ ಛಾಯಾಚಿತ್ರಗಳಿಗಿಂತ ಹೆಚ್ಚಿನದೊಂದು ಉಳಿಯಿತೆಂಬುದು ಅನಂತರ ತಿಳಿಯಿತು.

ಅಷ್ಟರಲ್ಲಿ ಗಣಕವಿಭಾಗದ ಉಪನ್ಯಾಸಕರು ಎರಡು ದಿನ ಕೇಬಲುಗಳನ್ನೂ ಸ್ವಿಚ್ಚನ್ನೂ ಬದಲಾಯಿಸಿ ನೋಡಿದ್ದರು. ಆದರೆ ಪರದೆಯ ಮೇಲಿನ ಬರಹವನ್ನು ಯಾರೂ ಅಕ್ಷರಶಃ ಬರೆದುಕೊಂಡಿರಲಿಲ್ಲ. ‘ಬೂಟ್ ಆಗುತ್ತಿಲ್ಲ’ ಎಂದಷ್ಟೇ ಹೇಳುತ್ತಿದ್ದರು. ಶಾಸನವನ್ನು ಓದದೆ ಅದರ ತಾತ್ಪರ್ಯವನ್ನು ಹೇಳಿದಂತೆ ಇದು. ನಾವು ಆ ಸಾಲುಗಳನ್ನು ಪುಸ್ತಕದಲ್ಲಿ ಬರೆದುಕೊಂಡೆವು. ಹಳೆಯ ಯಂತ್ರಗಳಲ್ಲಿ ಕಂಡುದು ಪಿ.ಎಕ್ಸ್.ಇ.-ಇ 11, ಅಂದರೆ ಎ.ಆರ್.ಪಿ. ಕೂಗಿಗೆ ಉತ್ತರವಿಲ್ಲ. ಆಧಾರವೊಂದರಲ್ಲಿ ಏನಿದೆಯೆಂಬುದರಷ್ಟೇ ಏನಿಲ್ಲವೆಂಬುದೂ ಮುಖ್ಯ. ಕೇಬಲ್ ಕೆಟ್ಟಿದ್ದರೆ ಇ 61 ಕಾಣಬೇಕಾಗಿದ್ದಿತು. ವಿಳಾಸ ಕೊಡುವವರೇ ಇಲ್ಲದಿದ್ದರೆ ಇ 51. ಕಡತದ ಹೆಸರು ಬಾರದಿದ್ದರೆ ಇ 53. ಇವು ಯಾವುವೂ ಇರಲಿಲ್ಲ. ಆದುದರಿಂದ ಕೇಬಲ್ ಸರಿಯಿದೆ, ವಿಳಾಸ ದೊರೆತಿದೆ, ಕಡತದ ಹೆಸರೂ ಬಂದಿದೆ. ಆದರೆ ಯಾವ ಸರ್ವರಿನ ಬಳಿಗೆ ಹೋಗೆಂದು ಹೇಳಲಾಯಿತೋ ಆ ಸರ್ವರು ಜಾಲದಲ್ಲಿಯೇ ಇಲ್ಲವೆಂದು ನಿರ್ಣಯಿಸಬೇಕಾಯಿತು. ಪರೀಕ್ಷಿಸಲು, ಹೊಸ ಸರ್ವರಿನ ಡಿ.ಎಚ್.ಸಿ.ಪಿ. ಕಡತದಲ್ಲಿ ಹಳೆಯ ಸರ್ವರಿನ ವಿಳಾಸವೇ ಉಳಿದಿದ್ದಿತು. ಎರಡೂ ಕೆಲಕಾಲ ಜೊತೆಯಲ್ಲಿ ನಡೆಯಲೆಂದು ಹೊಸದಕ್ಕೆ ಬೇರೆ ವಿಳಾಸವನ್ನು ಕೊಟ್ಟಿದ್ದರು. ಹಳೆಯ ಕಡತವನ್ನು ನಕಲು ಮಾಡುವಾಗ ಆ ಒಂದು ಸಾಲನ್ನು ತಿದ್ದಲು ಮರೆತಿದ್ದರು. ದಾನಪತ್ರವನ್ನು ನಕಲು ಮಾಡುವ ಲಿಪಿಕಾರನು ಗತಿಸಿದ ಅರಸನ ಹೆಸರನ್ನೇ ಉಳಿಸಿದಂತಾಯಿತು.

ಆ ಸಾಲನ್ನು ತಿದ್ದಿದೊಡನೆ ಯಂತ್ರಗಳು ಏಳುವುವೆಂದು ನಿರೀಕ್ಷಿಸಿದ್ದೆವು, ಏಳಲಿಲ್ಲ. ಪರದೆಯ ಮೇಲೆ ಇ 32 ಎಂಬ ಬೇರೆ ದೋಷವು ಕಂಡಿತು. ‘ತಿದ್ದಿದುದರಿಂದ ಹೊಸ ತೊಂದರೆ ಬಂದಿತು, ಮೊದಲಿನಂತೆಯೇ ಮಾಡಿಬಿಡಿ’ ಎಂದು ಸಹೋದ್ಯೋಗಿಗಳು ಹೇಳಿದರು. ಈ ಘಟ್ಟದಲ್ಲಿಯೇ ಬಹುಮಂದಿ ದಾರಿ ತಪ್ಪುವರೆಂದು ನಮ್ಮ ಭಾವನೆ. ದೋಷವು ಬದಲಾಯಿತೆಂದರೆ ಸೋಲಲ್ಲ; ಒಂದು ಪದರವನ್ನು ದಾಟಿ ಮುಂದಿನದಕ್ಕೆ ಬಂದೆವೆಂದು ಅರ್ಥ. ಇ 32 ಎಂದರೆ ಟಿ.ಎಫ್.ಟಿ.ಪಿ.ಯ ಬಾಗಿಲು ತೆರೆಯಲಿಲ್ಲವೆಂದು ತಾತ್ಪರ್ಯ. ಕೇಳಿದವರು ಯಾರೆಂದು ವಿಚಾರಿಸದ 1981ರ ಆ ನಿಯಮವನ್ನು ಇಂದಿನ ಫೈರ್‌ವಾಲು ಸಂಶಯದಿಂದ ನೋಡುವುದು ನ್ಯಾಯವೇ. ಹಳೆಯ ಸರ್ವರಿನಲ್ಲಿ ಫೈರ್‌ವಾಲು ಇರಲಿಲ್ಲ. ಹೊಸದರಲ್ಲಿ ಅದು ತಾನಾಗಿಯೇ ಎಚ್ಚತ್ತಿದ್ದಿತು. ಅದನ್ನು ಪೂರ್ತಿಯಾಗಿ ತೆಗೆದುಹಾಕದೆ, ಪ್ರಯೋಗಾಲಯದ ಜಾಲಕ್ಕೆ ಮಾತ್ರ ಟಿ.ಎಫ್.ಟಿ.ಪಿ.ಯ 69ನೆಯ ಸಂಖ್ಯೆಯ ಬಾಗಿಲನ್ನು ತೆರೆಯಲಾಯಿತು. ಕೂಡಲೇ ಹಳೆಯ 28 ಯಂತ್ರಗಳು ಎದ್ದುವು.

ಉಳಿದ 12 ಯಂತ್ರಗಳು ಕಡತವನ್ನು ಪಡೆದರೂ ಮುಂದೆ ಸಾಗಲಿಲ್ಲ. ಅವುಗಳಿಗೂ ಬಯಾಸ್‌ಗೆ ಸಲ್ಲುವ ಕಡತವೇ ಹೋಗುತ್ತಿದ್ದಿತು. ಕೇಳುವ ಯಂತ್ರವು ತಾನು ಯಾವ ಜಾತಿಯದೆಂದು 93ನೆಯ ಅಂಶದಲ್ಲಿ ಒಂದು ಸಂಖ್ಯೆಯ ಮೂಲಕ ತಿಳಿಸುವ ಕ್ರಮವು 2006ರ ಆರ್.ಎಫ್.ಸಿ. 4578ರಲ್ಲಿ ವಿಹಿತವಾಗಿದೆ, ಅದನ್ನು ನೋಡಿ ಸರ್ವರು ತಕ್ಕ ಕಡತವನ್ನು ಹೆಸರಿಸಬೇಕು. ಈ ನಿಯಮವು ಹೊಸ ಸರ್ವರಿನಲ್ಲಿ ಇರಲಿಲ್ಲ. ಗಣಕವಿಭಾಗದವರು ಮೂಲಗ್ರಂಥವನ್ನು ಓದಿ, 64 ಬಿಟ್ಟಿನ ಯು.ಇ.ಎಫ್.ಐ. ಯಂತ್ರಕ್ಕೆ ಅಲ್ಲಿ ಹೇಳಿದ 9ನೆಯ ಸಂಖ್ಯೆಯನ್ನು ಬರೆದರು. ಫಲವಾಗಲಿಲ್ಲ. ಆಗ ಹಳೆಯ ಸರ್ವರನ್ನು ಹೊತ್ತಿಸಿ ನೋಡಿದೆವು. ಮುಖ್ಯ ಕಡತದಲ್ಲಿ ಏನೂ ಇರಲಿಲ್ಲ. ಆದರೆ ಅದರಿಂದ ಸೂಚಿತವಾದ ಎರಡನೆಯ ಕಡತವೊಂದರಲ್ಲಿ, ಹಿಂದೆ ಅಲ್ಲಿ ಕೆಲಸ ಮಾಡಿದ ಯಾರೋ 7 ಮತ್ತು 9 ಎಂಬ ಎರಡು ಸಂಖ್ಯೆಗಳಿಗೂ ನಿಯಮವನ್ನು ಬರೆದಿಟ್ಟಿದ್ದರು. ವಿಚಾರಿಸಲು, ಪ್ರಕಟಿತ ಗ್ರಂಥದಲ್ಲಿಯೇ ಈ ಎರಡು ಸಂಖ್ಯೆಗಳು ಅದಲುಬದಲಾಗಿದ್ದು, ನಿಜವಾದ ಯಂತ್ರಗಳು 7 ಎಂದೇ ಹೇಳಿಕೊಳ್ಳುವುವೆಂದೂ, ಇದು ಅನಂತರದ ತಿದ್ದುಪಡಿಯಲ್ಲಿ ದಾಖಲಾಗಿದೆಯೆಂದೂ ತಿಳಿಯಿತು. ಪಾಠಾಂತರವನ್ನು ಬಲ್ಲ ಹಿಂದಿನ ಪ್ರತಿಕಾರನು ಎರಡು ಪಾಠಗಳನ್ನೂ ಉಳಿಸಿದ್ದನು. ನಕಲು ಮಾಡಿದವರು ಆ ಓಲೆಯನ್ನೇ ಬಿಟ್ಟಿದ್ದರು. ಹಳೆಯ ಸರ್ವರನ್ನು ಅಳಿಸಿದ್ದರೆ ಈ ತಿಳಿವೂ ಅಳಿಯುತ್ತಿದ್ದಿತು. ನಿಯಮವನ್ನು ಸೇರಿಸಿದ ಮೇಲೆ ಹತ್ತು ಯಂತ್ರಗಳು ಎದ್ದುವು.

ಇನ್ನೆರಡು ಮಾತ್ರ ಏಳಲಿಲ್ಲ. ಇದೂ ಸರ್ವರಿನ ದೋಷವೆಂದೇ ಎಲ್ಲರ ಊಹೆ. ಆದರೆ ಒಂದೇ ಸರ್ವರಿನಿಂದ ಒಂದೇ ಕಡತವನ್ನು ಪಡೆದ ಹತ್ತು ಎದ್ದು ಎರಡು ಏಳದಿದ್ದರೆ, ಕಾರಣವನ್ನು ಆ ಎರಡರಲ್ಲಿಯೇ ಹುಡುಕಬೇಕು. ಅವು ರಜೆಯಲ್ಲಿ ದುರಸ್ತಿಗೆ ಹೋಗಿ, ಮದರ್‌ಬೋರ್ಡ್ ಬದಲಾಗಿ ಬಂದಿದ್ದುವು. ಉಳಿದ ಹತ್ತರಲ್ಲಿ ಸೆಕ್ಯೂರ್ ಬೂಟನ್ನು ಹಿಂದೆಯೇ ಆರಿಸಿದ್ದರು. ಇವುಗಳಲ್ಲಿ ಅದು ಜಾಗೃತವಾಗಿದ್ದು, ಸಹಿಯಿಲ್ಲದ ಕಡತವನ್ನು ನಿರಾಕರಿಸುತ್ತಿದ್ದಿತು. ಸರ್ವರಿನ ಬದಲಾವಣೆಗೂ ಇದಕ್ಕೂ ಸಂಬಂಧವಿರಲಿಲ್ಲ. ಕಾಕತಾಲೀಯ ನ್ಯಾಯದಂತೆ ಎರಡೂ ಒಂದೇ ಕಾಲಕ್ಕೆ ಒದಗಿದ್ದುವು. ಮೊದಲು ನಡೆದುದೇ ಅನಂತರದುದಕ್ಕೆ ಕಾರಣವೆಂದು ಬಗೆಯುವ ದೋಷವು ರಾಜವಂಶಗಳ ಪತನವನ್ನು ಬರೆಯುವವರಲ್ಲಿಯೂ ಅಪರೂಪವಲ್ಲ. ಸದ್ಯಕ್ಕೆ ಆ ಎರಡರಲ್ಲಿಯೂ ಕಾವಲನ್ನು ಆರಿಸಲಾಯಿತು. ಸಹಿಯುಳ್ಳ ಕಡತವನ್ನು ಬಳಸಿ ಕಾವಲನ್ನು ಹನ್ನೆರಡರಲ್ಲಿಯೂ ಉಳಿಸಿಕೊಳ್ಳುವುದೇ ಉತ್ತಮ ಮಾರ್ಗವೆಂಬುದನ್ನು ಇಲ್ಲಿ ಹೇಳದಿರಲಾಗದು.

ಆರನೆಯ ದಿನದ ಸಂಜೆಗೆ ನಲವತ್ತೂ ಯಂತ್ರಗಳು ಸಿದ್ಧವಾದುವು; ವಿದ್ಯಾರ್ಥಿಗಳಿಗೆ ಅಭ್ಯಾಸಕ್ಕೆ ಹತ್ತು ದಿನಗಳು ದೊರೆತುವು. ಕಳೆದ ದಿನಗಳಲ್ಲಿ ಹೆಚ್ಚಿನವು ಯಂತ್ರದ ದೋಷದಿಂದ ಕಳೆದುವಲ್ಲ. ದಾಖಲೆಯ ಅಭಾವದಿಂದ ಕಳೆದುವು. ಯಾವ ದಿನ ಯಾವ ಸಾಲನ್ನು ಯಾರು ಏಕೆ ಬದಲಾಯಿಸಿದರೆಂಬ ಒಂದು ಪುಸ್ತಕವಿದ್ದಿದ್ದರೆ ಇದು ಅರ್ಧ ದಿನದ ಕೆಲಸ. ಎರಡು ಸಂಖ್ಯೆಗಳನ್ನೂ ಬರೆದಿಟ್ಟ ಆ ಜಾಣನ ಹೆಸರು ಇಂದಿಗೂ ನಮಗೆ ಗೊತ್ತಿಲ್ಲ.

ಕ್ರಿ.ಶ. 1058ರ ನಾಗಾವಿಯ ಶಾಸನವು ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ್ದು. ಅಲ್ಲಿಯ ಘಟಿಕೆಯಲ್ಲಿ ವೇದವನ್ನು ಕಲಿಯುವ 200 ಮಂದಿಗೂ ಶಾಸ್ತ್ರವನ್ನು ಕಲಿಯುವ 52 ಮಂದಿಗೂ ವ್ಯವಸ್ಥೆಯನ್ನು ಹೇಳುವ ಆ ಶಾಸನವು, ಆರು ಮಂದಿ ಸರಸ್ವತೀ ಭಂಡಾರಿಗರಿಗೂ ಜೀವಿತವನ್ನು ಏರ್ಪಡಿಸಿದೆ. ಗ್ರಂಥವಿದ್ದರೆ ಸಾಲದು, ಅದನ್ನು ಕಾಯುವವರಿಗೂ ಸ್ಥಾನವಿರಬೇಕೆಂದು ಇದೇ ಸೀಮೆಯವರು ಸುಮಾರು ಸಾವಿರ ವರ್ಷಗಳ ಹಿಂದೆ ಅರಿತಿದ್ದರು. ಇಂದಿನ ಕಾಲೇಜುಗಳಲ್ಲಿ ಯಂತ್ರಗಳನ್ನು ಕೊಳ್ಳಲು ಹಣ ದೊರೆಯುವುದು. ಭಂಡಾರಿಗನ ಹುದ್ದೆ ಮಾತ್ರ ಇರುವುದಿಲ್ಲ. ಆ ಪ್ರಯೋಗಾಲಯದಲ್ಲಿ ಈಗ ಸರ್ವರಿನ ಪಕ್ಕದಲ್ಲಿ ಗೆರೆ ಹಾಕಿದ ಪುಸ್ತಕವೊಂದಿದೆ. ಹಳೆಯ ಸರ್ವರನ್ನು ಅಳಿಸದೆ ಕಪಾಟಿನಲ್ಲಿಟ್ಟಿದ್ದಾರೆ, ಶಾಸನಗಳ ಛಾಯಾಚಿತ್ರಗಳಿಗೆ ಬೇರೆಡೆ ಎರಡು ಪ್ರತಿಗಳಾಗಿವೆ. ಪುಸ್ತಕದ ಮೊದಲ ಪುಟದಲ್ಲಿ ಇ 11ರಿಂದ ಹಿಡಿದು ನಡೆದುದನ್ನೆಲ್ಲ ದಿನಾಂಕಸಹಿತವಾಗಿ ನಾವೇ ಬರೆದಿದ್ದೇವೆ. ಎರಡನೆಯ ಪುಟದಿಂದ ಮುಂದಿನದನ್ನು ಬರೆಯಬೇಕಾದವರು ಅಲ್ಲಿಯ ವಿದ್ಯಾರ್ಥಿಗಳು.