ಪದ್ಮಿನಿಯ ವೈರು, ಚಾಚಾನ ಬಲ್ಬು

ಮುಂಬೈಯ ಕಾಲಿ-ಪೀಲಿಯಲ್ಲಿ ಓಡಾಡಿದವರಿಗೆ ಪ್ರೀಮಿಯರ್ ಪದ್ಮಿನಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದನ್ನು ನೆನೆಯುವವರೆಲ್ಲ ಅದರ ಅಂದದ ಬಗ್ಗೆ, ಸ್ಟೇರಿಂಗ್ ಪಕ್ಕದ ಗೇರಿನ ಬಗ್ಗೆ ಬರೆಯುತ್ತಾರೆ. ನಾನು ಅದರ ವೈರಿನ ಬಗ್ಗೆ ಬರೆಯುತ್ತೇನೆ. ಯಾಕೆಂದರೆ ಒಮ್ಮೆ ಆ ವೈರು ನಮ್ಮನ್ನು ಸುಟ್ಟೇ ಹಾಕುವುದರಲ್ಲಿತ್ತು.

1999ರ ಮಳೆಗಾಲ. ನನ್ನದು ಸೆಕೆಂಡ್ ಹ್ಯಾಂಡ್ ಗಾಡಿ. ಸಯಾನ್ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಬಾನೆಟ್ಟಿನ ಸಂದಿಯಿಂದ ಹೊಗೆ ಬಂತು. ಹಿಂದೆ ಹೆಂಡತಿ, ಅವಳ ತೊಡೆಯ ಮೇಲೆ ಮೂರು ವರ್ಷದ ಮಗಳು. ಕೀ ಆಫ್ ಮಾಡಿದೆ, ಹೊಗೆ ನಿಲ್ಲಲಿಲ್ಲ! ಪಕ್ಕದ ಟ್ಯಾಕ್ಸಿಯವನು ಓಡಿ ಬಂದು ಬಾನೆಟ್ ಎತ್ತಿ ಬ್ಯಾಟರಿಯ ಕೇಬಲ್ಲನ್ನೇ ಕಿತ್ತ. ಆಮೇಲೆ ನಿಂತಿತು. ಫ್ಯೂಸುಗಳನ್ನು ನೋಡಿದರೆ ಒಂದೂ ಹೋಗಿರಲಿಲ್ಲ.

ಅದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆ ಕಾರಿನ ಚರಿತ್ರೆಯಲ್ಲಿ. ಪದ್ಮಿನಿ ಅಂದರೆ ಇಟಲಿಯ ಫಿಯೆಟ್ 1100. ಅದರ ಮೂಲ ರೂಪ ಬಂದದ್ದು 1953ರಲ್ಲಿ. ನಮ್ಮಲ್ಲಿ 1964ರಲ್ಲಿ 1100 ಡಿಲೈಟ್ ಆಗಿ ಬಂದು, 1974ರಲ್ಲಿ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡಿತು. ಆ ಕಾಲದ ಕಾರುಗಳಲ್ಲಿ ಇಗ್ನಿಷನ್ ಮತ್ತು ಚಾರ್ಜಿಂಗ್ ಲೈನುಗಳಿಗೆ ಸಾಮಾನ್ಯವಾಗಿ ಫ್ಯೂಸ್ ಇರುತ್ತಿರಲಿಲ್ಲ. ದಾರಿ ಮಧ್ಯೆ ಒಂದು ಪುಟ್ಟ ಫ್ಯೂಸ್ ಹೋಗಿ ಇಂಜಿನ್ ನಿಲ್ಲಬಾರದು ಎಂಬ ಲೆಕ್ಕ. ನಾಲ್ಕು ದೀಪ, ಒಂದು ಹಾರನ್, ಒಂದು ವೈಪರ್ ಇದ್ದ ಕಾಲಕ್ಕೆ ಅದು ಸರಿಯೇ.

ಇಟಲಿಯಲ್ಲಿ 1969ರಲ್ಲಿ ಫಿಯೆಟ್ 128 ಬಂದು 1100ರ ಜಾಗ ಹಿಡಿಯಿತು. ನಮ್ಮಲ್ಲಿ ಲೈಸೆನ್ಸ್ ರಾಜ್ ಕೃಪೆಯಿಂದ ಅದೇ ಗಾಡಿ 2000ದ ಹೊತ್ತಿನವರೆಗೂ ಕುರ್ಲಾದಿಂದ ಹೊರಬರುತ್ತಲೇ ಇತ್ತು. ಅಂದ ಹಾಗೆ, ಈ ಕಥೆಗೆ ನಮ್ಮ ಕಡೆಯ ನಂಟೂ ಇದೆ. 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಬಂದು ಭಾರತದಲ್ಲೇ ಮೋಟಾರು ಕಾರ್ಖಾನೆ ಮಾಡಬೇಕೆಂದು ಯೋಜನೆ ಬರೆದವರು ಸರ್ ಎಂ. ವಿಶ್ವೇಶ್ವರಯ್ಯ. ಜೊತೆಗೆ ನಿಂತವರು ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರ ಕೈಕೊಟ್ಟಿತು. ಕೊನೆಗೆ ವಾಲ್‌ಚಂದರು 1944ರಲ್ಲಿ ಪ್ರೀಮಿಯರ್ ಕಂಪನಿ ಕಟ್ಟಿದರು. ಅದಕ್ಕೂ ಮುಂಚೆ, 1940ರಲ್ಲಿ, ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಶುರು ಮಾಡಿದವರೂ ಅವರೇ. ಇರಲಿ, ಮತ್ತೆ ಹೊಗೆಗೆ ಬರೋಣ.

ಗಾಡಿಯನ್ನು ಎಳೆಸಿಕೊಂಡು ಹೋಗಿದ್ದು ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಹತ್ತಿರ. ಎಲ್ಲರಿಗೂ ಅವರು ಚಾಚಾ. ಅವರ ಹತ್ತಿರ ಮೀಟರ್ ಇರಲಿಲ್ಲ. ಇದ್ದದ್ದು ಇಂಡಿಕೇಟರಿನ 21 ವಾಟ್ ಬಲ್ಬು, ಹೋಲ್ಡರು, ಎರಡು ತುಂಡು ವೈರು. ಕಿತ್ತಿದ್ದ ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಅದನ್ನು ಸಿಕ್ಕಿಸಿದರು. ಕೀ ಆಫ್, ಬಾಗಿಲು ಮುಚ್ಚಿದೆ, ಆದರೂ ಬಲ್ಬು ಝಗ್ಗನೆ ಉರಿಯಿತು. "ಸಾಬ್, ಶಾರ್ಟ್ ಇನ್ನೂ ಒಳಗೇ ಇದೆ" ಅಂದರು.

ಈ ಉಪಾಯದ ಜಾಣತನ ನೋಡಿ. ಶಾರ್ಟ್ ಎಷ್ಟೇ ದೊಡ್ಡದಿರಲಿ, ಆ ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಕರೆಂಟು ಹರಿಯಲು ಬಿಡುವುದಿಲ್ಲ. ಹೊಸದಾಗಿ ಏನೂ ಸುಡುವುದಿಲ್ಲ, ಆರಾಮಾಗಿ ಹುಡುಕಬಹುದು. ಚಾಚಾ ಒಂದೊಂದೇ ಕನೆಕ್ಷನ್ ಬಿಚ್ಚುತ್ತಾ ಬಲ್ಬನ್ನು ನೋಡುತ್ತಿದ್ದರು. ಡೈನಮೋ ವೈರು ತೆಗೆದರು, ಉರಿಯುತ್ತಲೇ ಇತ್ತು. ಇಗ್ನಿಷನ್ ಸ್ವಿಚ್ಚಿಗೆ ಹೋಗುವುದನ್ನು ತೆಗೆದರು, ಆಗಲೂ ಹಾಗೇ. ಬ್ಯಾಂಕಿನಲ್ಲಿ ಬುಕ್ಸ್ ಟ್ಯಾಲಿ ಆಗದಿದ್ದಾಗ ಒಂದೊಂದೇ ಲೆಡ್ಜರ್ ಪಕ್ಕಕ್ಕಿಟ್ಟು ರಾತ್ರಿಯೆಲ್ಲ ವ್ಯತ್ಯಾಸ ಹುಡುಕಿದವನು ನಾನು. ಆ ಕೆಲಸ ನೋಡುತ್ತಾ ನಿಂತರೆ ನಮ್ಮ ಬ್ರಾಂಚಿನಲ್ಲೇ ಇದ್ದ ಹಾಗಿತ್ತು.

ಕೊನೆಗೆ ರೆಗ್ಯುಲೇಟರಿನಲ್ಲಿ ಬ್ಯಾಟರಿ ವೈರು ಸೇರುವ ಜಾಗಕ್ಕೆ ಬಂದರು. ಅಲ್ಲಿ ಕಂಪನಿಯದ್ದಲ್ಲದ ಒಂದು ಕೆಂಪು ವೈರು. ಅದನ್ನು ಬಿಚ್ಚಿದ್ದೇ ತಡ, ಬಲ್ಬು ಆರಿತು! ಹಿಂದಿನ ಮಾಲೀಕರು ಜೋರು ಹಾರನ್ ಹಾಕಿಸಲು ಅಲ್ಲಿಂದ ಫ್ಯೂಸಿಲ್ಲದೆ ನೇರವಾಗಿ ಎಳೆಸಿದ್ದು. ಸೈಲೆನ್ಸರ್ ಪೈಪು ಇಂಜಿನ್ನಿಗೆ ಸೇರುವ ಕಡೆ ಅದು ಬಿಸಿಗೆ ಬೆಂದು, ಪ್ಲಾಸ್ಟಿಕ್ ಉದುರಿ, ಬರಿ ತಾಮ್ರ ಬಾಡಿಗೆ ತಾಗಿತ್ತು.

"ಫಿಯೆಟ್‌ನವರ ವೈರು ಸುಡುವುದು ಕಡಿಮೆ, ಆಮೇಲೆ ಸೇರಿಸಿದ್ದೇ ಸುಡುವುದು" ಎಂದರು ಚಾಚಾ. ಆಮೇಲೆ ಗಮನಿಸಿದೆ, ನಿಜ. ನಲವತ್ತು ವರ್ಷ ಕಾರು ಬದಲಾಗಲಿಲ್ಲ, ಜನರ ಆಸೆ ಬದಲಾಯಿತು. ಟೇಪ್ ರೆಕಾರ್ಡರು, ಫಾಗ್ ಲ್ಯಾಂಪು, ಫ್ಯಾನು, ಟ್ಯಾಕ್ಸಿಗಳಲ್ಲಾದರೆ ಸಿಎನ್‌ಜಿಯ ಸ್ವಿಚ್ಚು, ವಾಲ್ವು. ಎಲ್ಲದಕ್ಕೂ 1953ರ ಆ ನಾಲ್ಕು ವೈರಿನಿಂದಲೇ ಕದ್ದ ಕರೆಂಟು. ತಪ್ಪು ಇಟಲಿಯವರದ್ದೂ ಅಲ್ಲ, ಹಾರನ್ ಹಾಕಿಸಿದವರದ್ದೂ ಪೂರ್ತಿ ಅಲ್ಲ ಎಂದು ನನಗನ್ನಿಸುತ್ತದೆ. ಹೊಸ ಕಾರು ಬೇಕೆಂದರೆ ಸಿಗುತ್ತಿರಲಿಲ್ಲವಲ್ಲ. ಇದ್ದದ್ದಕ್ಕೇ ತೇಪೆ.

ಚಾಚಾ ಆ ವೈರನ್ನು ಕಿತ್ತೆಸೆದು, ರಿಲೇ ಮತ್ತು ಫ್ಯೂಸ್ ಹಾಕಿ ಹೊಸದನ್ನು ಬೇರೆ ದಾರಿಯಲ್ಲಿ ಎಳೆದುಕೊಟ್ಟರು. 2006ರಲ್ಲಿ ಮಾರುವವರೆಗೂ ಗಾಡಿ ಮತ್ತೆ ಹೊಗೆ ಬಿಡಲಿಲ್ಲ.

ಮುಂಬೈಯಲ್ಲಿ ಕಡೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 29 ಅಕ್ಟೋಬರ್ 2003ರಂದು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ಈಗಿನ ಗಾಡಿಗಳಲ್ಲಿ ಕಂಡಲ್ಲೆಲ್ಲ ಆ ಬಲ್ಬು ಚುಚ್ಚುವ ಹಾಗಿಲ್ಲ, ಕಂಪ್ಯೂಟರೇ ಸುಟ್ಟುಹೋಗಬಹುದು. ಚಾಚಾನ ಗ್ಯಾರೇಜಿನಲ್ಲಿ ಅವರ ಮಗ ಈಗ ಬ್ಯಾಟರಿ ಮಾರುತ್ತಾನೆ.