ಭೋಗ್ಯದ ಮನೆ, ಕಂತಿನ ಮನೆ

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ 'ಲೀಸ್‌ಗೆ ಇದೆ' ಎಂಬ ಬೋರ್ಡು ಗೊತ್ತಿರುತ್ತದೆ. ಒಂದಿಷ್ಟು ಲಕ್ಷವನ್ನು ಒಮ್ಮೆಗೇ ಕೊಟ್ಟು ಒಳಗೆ ಹೋಗುವುದು. ತಿಂಗಳ ಬಾಡಿಗೆ ಇಲ್ಲ, ಮಾಲೀಕರಿಗೆ ಬಡ್ಡಿಯ ಹೊರೆಯೂ ಇಲ್ಲ. ಅವಧಿ ಮುಗಿದಾಗ ದುಡ್ಡು ಇತ್ತ, ಬೀಗದ ಕೈ ಅತ್ತ. ಇದರ ಹಳೆಯ ಹೆಸರು ಭೋಗ್ಯ. ಸಾಲ ಕೊಟ್ಟವನು ಬಡ್ಡಿಯ ಬದಲು ಮನೆಯನ್ನೇ ಅನುಭವಿಸುತ್ತಾನೆ.

ಈ ಪದದ ಹಿಂದೆ ದೊಡ್ಡ ಚರ್ಚೆಯೇ ಇದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಅಲ್ಲಿಯ ಋಣಾದಾನ ಪ್ರಕರಣವನ್ನು ಓದುವಾಗ ಬ್ಯಾಂಕಿನ ಕಾಗದ ಓದಿದಂತೆಯೇ ಆಗುತ್ತದೆ. ಒತ್ತೆ ಇಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತನೆಯ ಒಂದು ಭಾಗ ಬಡ್ಡಿ, ಅಂದರೆ ವರ್ಷಕ್ಕೆ ಶೇ. 15. ಒತ್ತೆ ಇಲ್ಲದಿದ್ದರೆ ಸಾಲಗಾರನ ವರ್ಣ ನೋಡಿ ತಿಂಗಳಿಗೆ ಶೇ. 2ರಿಂದ 5, ಬ್ರಾಹ್ಮಣನಿಗೆ ಕಡಿಮೆ, ಶೂದ್ರನಿಗೆ ಹೆಚ್ಚು. ಕಾಡು ದಾಟುವ ವ್ಯಾಪಾರಿಗೆ 10, ಕಡಲಿಗಿಳಿಯುವವನಿಗೆ 20. ಅಪಾಯಕ್ಕೂ ಬೆಲೆ ಇತ್ತು, ಹುಟ್ಟಿಗೂ ಬೆಲೆ ಇತ್ತು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಸರಿಯಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಬಡ್ಡಿಯಲ್ಲ, ಬಿಡುಗಡೆ. ಸಾಲ ಎರಡರಷ್ಟಾದರೂ ಬಿಡಿಸಿಕೊಳ್ಳದ ಒತ್ತೆ ಕೈತಪ್ಪುತ್ತದೆ, ಗಡುವು ಇಟ್ಟ ಒತ್ತೆ ಗಡುವಿಗೆ ಹೋಗುತ್ತದೆ, ಆದರೆ ಫಲವನ್ನು ಅನುಭವಿಸಲು ಕೊಟ್ಟ ಒತ್ತೆ ಎಂದೂ ನಾಶವಾಗುವುದಿಲ್ಲ ಎನ್ನುತ್ತದೆ ಸ್ಮೃತಿ. ಸಾಲ ಕೊಟ್ಟವನು ತನ್ನ ಲಾಭವನ್ನು ಆಗಲೇ ಉಣ್ಣುತ್ತಿದ್ದಾನಲ್ಲ, ಮನೆಯನ್ನೂ ನುಂಗಲು ಅವನಿಗೆ ಕಾರಣ ಇಲ್ಲ.

1882ರ ಸ್ವತ್ತು ವರ್ಗಾವಣೆ ಕಾಯ್ದೆ ಭೋಗ್ಯವನ್ನು ಅಡಮಾನದ ಒಂದು ಬಗೆಯಾಗಿ ಉಳಿಸಿಕೊಂಡಿತು. ಹಾಗೆಯೇ ಷರತ್ತಿನ ಕ್ರಯವನ್ನೂ: ಮನೆ ಮಾರಿದಂತೆ ಬರೆದುಕೊಟ್ಟು, ದುಡ್ಡು ತಂದರೆ ಹಿಂದಕ್ಕೆ ಕೊಡುತ್ತೇನೆ ಎಂಬ ಮಾತು ಪಡೆಯುವುದು. 1929ರ ತಿದ್ದುಪಡಿಯ ನಂತರ ಆ ಮಾತು ಅದೇ ಕ್ರಯಪತ್ರದಲ್ಲಿ ಇರಬೇಕಾಯಿತು. ಇಲ್ಲವಾದರೆ ಅದು ಅಡಮಾನವಲ್ಲ, ಮಾರಾಟವೇ. ಬಾಯಿಮಾತನ್ನು ನಂಬಿದವರ ಪಾಡೇನು ಎಂದು ಬೇರೆ ಹೇಳಬೇಕಿಲ್ಲ. ರಿಪೇರಿಯ ಪ್ರಶ್ನೆಗೂ ಅದೇ ವರ್ಷ ಉತ್ತರ ಬಂತು. ಬೇರೆ ಕರಾರು ಇಲ್ಲದಿದ್ದರೆ, ಒಳಗಿರುವ ಸಾಲಿಗ ಮನೆ ಹಾಳಾಗದಂತೆ ತಡೆಯಲು ಮಾಡಿದ ಖರ್ಚನ್ನು ಕೇಳಬಹುದು, ಅಂದಕ್ಕೆ ಮಾಡಿದ್ದನ್ನು ಕೇಳುವಂತಿಲ್ಲ. ಭೋಗ್ಯದ ಮನೆಗಳ ಸೂರು ಸೋರುತ್ತಲೇ ಇರುವುದು ಯಾಕೆಂದು ಇದರಿಂದ ಸ್ವಲ್ಪ ತಿಳಿಯುತ್ತದೆ; ಇಬ್ಬರಿಗೂ ಅದು ಇನ್ನೊಬ್ಬರ ಮನೆ.

2014ರಲ್ಲಿ ಸುಪ್ರೀಂ ಕೋರ್ಟು, ಮರುಪಾವತಿಗೆ ಗಡುವಿಲ್ಲದ ಭೋಗ್ಯವನ್ನು ಬಿಡಿಸಿಕೊಳ್ಳುವ ಹಕ್ಕು 30 ವರ್ಷ ಕಳೆದ ಮಾತ್ರಕ್ಕೆ ಸಾಯುವುದಿಲ್ಲ ಎಂದಿತು. ನ್ಯಾಯಾಲಯ ನಡೆದದ್ದು ಕಾಯ್ದೆಯ ದಾರಿಯಲ್ಲಿ, ತಲುಪಿದ್ದು ಮಾತ್ರ ಸ್ಮೃತಿ ನಿಂತಿದ್ದ ಜಾಗದ ಹತ್ತಿರಕ್ಕೇ.

ಕಂತಿನ ಸಾಲ ಇದನ್ನೆಲ್ಲ ತಿರುಗಿಸಿ ಹಾಕಿತು. ಮನೆಸಾಲಕ್ಕೆಂದೇ ಎಚ್‌ಡಿಎಫ್‌ಸಿ ಹುಟ್ಟಿದ್ದು 1977ರಲ್ಲಿ, ರಾಷ್ಟ್ರೀಯ ವಸತಿ ಬ್ಯಾಂಕ್ 1988ರಲ್ಲಿ. ಈಗ ಸಾಲಗಾರ ಮನೆಯಲ್ಲೇ ಇರುತ್ತಾನೆ, ಕಾಗದಪತ್ರ ಮಾತ್ರ ಬ್ಯಾಂಕಿನಲ್ಲಿರುತ್ತದೆ.

ಧಾರವಾಡದ ನಮ್ಮ ಹಳೆಯ ಮನೆಯಲ್ಲಿ ಚಿಕ್ಕಪ್ಪಂದಿರ ಪಾಲು ಕೊಂಡು ಮಾಡು ಹೊಸದಾಗಿ ಹೊದಿಸಲು 30 ಲಕ್ಷ ಬೇಕಿದೆ. ಮೂರು ಕಡೆಯ ಸಾಲದ ಕಾಗದಗಳನ್ನು ಹರಡಿಕೊಂಡು ಲೆಕ್ಕ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಬದಲಾಗುವ ಬಡ್ಡಿ ಶೇ. 8.5 ಆದರೆ 20 ವರ್ಷಕ್ಕೆ ಕಂತು ರೂ. 26,035, ಸ್ಥಿರ ಬಡ್ಡಿ ಶೇ. 9 ಆದರೆ ರೂ. 26,992. ಇಲ್ಲಿಗೆ ನಿಂತರೆ ತೀರ್ಮಾನ ಸುಲಭ. ಆದರೆ ಮೊದಲನೆಯ ಸಾಲದ ಬಡ್ಡಿ ಆರಂಭದಲ್ಲೇ ಒಂದು ಅಂಶ ಏರಿ, ಕಂತು ಹಾಗೇ ಉಳಿದರೆ? 240 ಕಂತು 309 ಆಗುತ್ತವೆ. ಸುಮಾರು ಐದೂಮುಕ್ಕಾಲು ವರ್ಷ ಹೆಚ್ಚು. ಇದು ಬರಿಯ ಊಹೆಯಲ್ಲ: 2022ರ ಮೇ ಮತ್ತು 2023ರ ಫೆಬ್ರುವರಿ ನಡುವೆ ರೆಪೊ ದರ ಶೇ. 4ರಿಂದ 6.5ಕ್ಕೆ ಏರಿದಾಗ, ಎಷ್ಟೋ ಜನರ ಕಂತು ಕದಲಲಿಲ್ಲ, ಅವಧಿ ಸದ್ದಿಲ್ಲದೆ ಉದ್ದವಾಯಿತು. ಕಂತು ಏರಿಸಬೇಕೋ ಅವಧಿ ಹಿಗ್ಗಿಸಬೇಕೋ ಎಂದು ಸಾಲಗಾರರನ್ನು ಕೇಳಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಹೇಳಬೇಕಾಗಿ ಬಂತು.

ಹಾಗೆಂದು ಸ್ಥಿರ ಬಡ್ಡಿಯೇ ಸರಿ ಎನ್ನಲೂ ಆಗಲಿಲ್ಲ. ಆ ಕಾಗದದಲ್ಲಿ ಸಾಲವನ್ನು ಮೊದಲೇ ತೀರಿಸಿದರೆ ಶೇ. 2ರ ದಂಡವಿತ್ತು. ಬದಲಾಗುವ ಬಡ್ಡಿಯ ಮನೆಸಾಲಕ್ಕೆ ಅಂಥ ದಂಡವನ್ನು ಬ್ಯಾಂಕುಗಳು ಹಾಕುವಂತಿಲ್ಲ ಎಂಬ ನಿಯಮ 2012ರಿಂದ ಇದೆ. ಅಪ್ಪನಿಗೆ ಇನ್ನು ಒಂಬತ್ತು ವರ್ಷಕ್ಕೆ ನಿವೃತ್ತಿ. ಆಗ ಬರುವ ಗಂಟನ್ನು ಸಾಲಕ್ಕೇ ಸುರಿಯುವುದು ಅವರ ಯೋಚನೆ. ದರಗಳ ನನ್ನ ಪಟ್ಟಿಯನ್ನು ನೋಡಿ ಅವರು ಕೇಳಿದ್ದು ಒಂದೇ: "ಬಡ್ಡಿ ಇರಲಿ ಬಿಡು, ಮನಿ ಕಾಗದ ನಮ್ಮ ಕೈಗೆ ಯಾವಾಗ ಬರ್ತಾವ?"

ಪಟ್ಟಿಗೆ ಹೊಸ ಕಾಲಂ ಹಾಕಿದೆ. ಬಡ್ಡಿ ಏರಿದರೆ ಹಿಗ್ಗುವುದು ಯಾವುದು, ನಡುವೆ ದುಡ್ಡು ಕಟ್ಟಿದರೆ ಕುಗ್ಗುವುದು ಕಂತೋ ಅವಧಿಯೋ, ಮೂಲಪತ್ರಗಳು ಯಾವ ಶಾಖೆಯಿಂದ ವಾಪಸು. ಕೊನೆಯದಕ್ಕೆ ಈಗ ನಿಯಮವಿದೆ: 2023ರ ಡಿಸೆಂಬರ್ 1ರಿಂದ, ಸಾಲ ತೀರಿದ 30 ದಿನದೊಳಗೆ ಪತ್ರ ಕೊಡದೆ ಬ್ಯಾಂಕೇ ತಡ ಮಾಡಿದರೆ ದಿನಕ್ಕೆ ರೂ. 5,000 ಪರಿಹಾರ. ಮೂರು ಕಡೆಗೂ ಇವನ್ನು ಬರೆದು ಕೇಳಿದ್ದೇವೆ. ಇಬ್ಬರು ಬರವಣಿಗೆಯಲ್ಲಿ ಉತ್ತರ ಕೊಟ್ಟಿದ್ದಾರೆ. ಮೂರನೆಯವರು ಫೋನಿನಲ್ಲಿ, "ಅದೆಲ್ಲ ಆಮೇಲೆ ಆಗುತ್ತೆ ಸಾರ್" ಎಂದರು.